ಬೆಟ್ಟ, ಮೋಡ ಮತ್ತು ಮರಳುವ ತಿರುವು

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದಿಂದ ವಿಮಾನ ಚಾಲನೆ ಕಲಿಯಲು ಹೊರಟಿರುವ ಯುವಕ ಯುವತಿಯರಿಗೆ, ಅವರ ಪಾಲಕರಿಗೆ ಬಹಿರಂಗ ಪತ್ರ

ಎಂಜಿನ್ ಸರಿಯಾಗಿದ್ದು, ರೆಕ್ಕೆ ಗಟ್ಟಿಯಾಗಿದ್ದು, ಚಾಲಕರ ಹತೋಟಿಯೂ ತಪ್ಪದೆ ಇದ್ದ ವಿಮಾನ ನೇರವಾಗಿ ಹೋಗಿ ನೆಲಕ್ಕೋ ಬೆಟ್ಟಕ್ಕೋ ಬಡಿಯುವುದು ವೈಮಾನಿಕ ಅಪಘಾತಗಳಲ್ಲಿ ಒಂದು ಪ್ರತ್ಯೇಕ ಬಗೆ. ಹೆಚ್ಚಿನ ಸಲ ಇಲ್ಲಿ ಕೆಟ್ಟಿರುವುದು ಯಂತ್ರವಲ್ಲ, ಎದುರಿನ ನೋಟ. ಮೋಡ, ಮಂಜು, ಮಳೆ ಅಥವಾ ಧೂಳಿನ ಮುಸುಕಿನಲ್ಲಿ ಬೆಟ್ಟ ಕಾಣುವುದಿಲ್ಲ. ಕಂಡಾಗ ತಿರುಗಲು ಜಾಗ ಉಳಿದಿರುವುದಿಲ್ಲ. ಇದಕ್ಕೆ ಜೊತೆಯಾದ ಇನ್ನೊಂದು ಬಗೆಯೂ ಉಂಟು. ಮೋಡದೊಳಗೆ ಹೊಕ್ಕ ಚಾಲಕರಿಗೆ ಮೇಲು ಕೆಳಗಿನ ಅರಿವೇ ತಪ್ಪಿ, ವಿಮಾನ ಹತೋಟಿ ಮೀರಿ ಸುರುಳಿ ಸುತ್ತುತ್ತ ಬೀಳುವುದು. ಕಲಿಯುವ ಹಂತದಲ್ಲಿರುವವರಿಗೆ ಎರಡೂ ಅಪಾಯಗಳು ಹೆಚ್ಚು. ಎರಡನ್ನೂ ತಪ್ಪಿಸುವ ಉಪಾಯ ಒಂದೇ: ಹೊತ್ತು ಮೀರುವ ಮುಂಚೆ ವಿಮಾನ ತಿರುಗಿಸಿ ಬಂದ ದಾರಿಯಲ್ಲಿ ಮರಳುವುದು. ಆ ತಿರುವು ಕೈಗಳ ಕೆಲಸವಾಗಿರುವಷ್ಟೇ ಮನಸ್ಸಿನ ಕೆಲಸ. ಆ ಮನಸ್ಸನ್ನು ಕಟ್ಟುವುದರಲ್ಲೂ ಕೆಡಿಸುವುದರಲ್ಲೂ ಮನೆಯವರ ಪಾಲು ದೊಡ್ಡದು.

ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳ ಸುತ್ತ ಬೆಟ್ಟವೆಂಬುದಿಲ್ಲ. ಭೀಮೆಯ ದಂಡೆಯಿಂದ ಡೋಣಿ ಸಾಲಿನ ಎರೆ ಭೂಮಿ ದಾಟಿ ಕೃಷ್ಣೆಯವರೆಗೆ ನೆಲ ಬಹುಪಾಲು ಬಯಲು. ಸಣ್ಣ ದಿಬ್ಬಗಳೇ ಇಲ್ಲಿನ ಎತ್ತರ. ಜೋಳದ ಹೊಲದಲ್ಲಿ ನಿಂತವರಿಗೆ ಆಕಾಶದ ಅಂಚು ನಾಲ್ಕೂ ದಿಕ್ಕಿಗೆ ಕಾಣುತ್ತದೆ. ಇಂಥ ನೆಲದಲ್ಲಿ ಬೆಳೆದವರಿಗೆ ಮೋಡವೆಂದರೆ ತಲೆಯ ಮೇಲೆ ಇರುವ ವಸ್ತು. ಅದು ಎದುರಿಗೆ ಗೋಡೆಯಾಗಿ ನಿಲ್ಲುವುದನ್ನೂ ಅದರೊಳಗೆ ಕಲ್ಲು ಅಡಗಿರುವುದನ್ನೂ ನೋಡಲು ಸಹ್ಯಾದ್ರಿಗೋ ನಲ್ಲಮಲಕ್ಕೋ ಹೋಗಬೇಕು. ಈಗ ವಿಮಾನ ಕಲಿಕೆ ಹತ್ತಿರಕ್ಕೆ ಬಂದಿದೆ. 2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣ ಶುರುವಾದ ಮೇಲೆ ಅಲ್ಲಿಯೂ, ಬೆಳಗಾವಿಯ ಸಾಂಬ್ರಾದಲ್ಲಿಯೂ ಖಾಸಗಿ ತರಬೇತಿ ಶಾಲೆಗಳು ನೆಲೆಯೂರಿದವು. ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆ ಮೊದಲಿನಿಂದಲೂ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಶಾಲೆಯಿದೆ. ಕಲಬುರಗಿಯ ಸುತ್ತ ಬಯಲು. ಬೆಳಗಾವಿಯಿಂದ ಪಶ್ಚಿಮಕ್ಕೆ ಹಾರಿದರೆ ಸ್ವಲ್ಪ ಹೊತ್ತಿನಲ್ಲೇ ಘಟ್ಟ. ಸೀಟು ಸಿಗದೆ ಮಹಾರಾಷ್ಟ್ರ, ಮಧ್ಯಪ್ರದೇಶಕ್ಕೆ ಹೋದವರಿಗೆ ಸಾತ್ಪುರದ ಬೆಟ್ಟಸಾಲು.

ನಲ್ಲಮಲ ಈ ಭಾಗದ ಜನಕ್ಕೆ ಪರಕೀಯವಲ್ಲ. ಯುಗಾದಿಯ ಮುಂಚೆ ಶ್ರೀಶೈಲ ಮಲ್ಲಯ್ಯನ ಪಾದಯಾತ್ರೆಗೆ ಹೋಗುವವರು ಆತ್ಮಕೂರು ದಾಟಿ, ಕಾಡು ಹೊಕ್ಕು, ಭೀಮನಕೊಳ್ಳ ಇಳಿದು ಹತ್ತಿ ಕೈಲಾಸ ಬಾಗಿಲು ಸೇರುತ್ತಾರೆ. ಆ ಏರಿನಲ್ಲಿ ಏದುಸಿರು ಬಿಟ್ಟವರಿಗೆ ಅಲ್ಲಿನ ಕಣಿವೆಗಳ ಇಕ್ಕಟ್ಟು ಗೊತ್ತು. ಅದೇ ಆತ್ಮಕೂರು ಸೀಮೆಯ ಕಾಡಿನಲ್ಲಿ 2009ರ ಸೆಪ್ಟೆಂಬರ್ 2ರಂದು ಅಂದಿನ ಆಂಧ್ರಪ್ರದೇಶದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರಿದ್ದ ಬೆಲ್ 430 ಹೆಲಿಕಾಪ್ಟರ್ ಬಿತ್ತು. ಹೈದರಾಬಾದಿನ ಬೇಗಂಪೇಟೆಯಿಂದ ಬೆಳಿಗ್ಗೆ ಚಿತ್ತೂರು ಜಿಲ್ಲೆಗೆ ಹೊರಟಿದ್ದ ಹೆಲಿಕಾಪ್ಟರಿನ ಸಂಪರ್ಕ ದಾರಿಯಲ್ಲೇ ಕಡಿಯಿತು. ಅದರಲ್ಲಿದ್ದ ಐವರೂ ತೀರಿಕೊಂಡರು. ಅವಶೇಷ ಸಿಕ್ಕಿದ್ದು ಮಾರನೆಯ ದಿನ, ರುದ್ರಕೊಂಡ ಎಂಬ ಗುಡ್ಡದ ಮೇಲೆ. ತನಿಖೆ ಹೊರಗೆಡವಿದ ಸರಪಳಿ ಪ್ರತಿ ತರಬೇತಿ ತರಗತಿಯಲ್ಲೂ ಓದಿಸಬೇಕಾದದ್ದು. ಗೇರ್‌ಬಾಕ್ಸಿನ ತೈಲದ ಒತ್ತಡಕ್ಕೆ ಸಂಬಂಧಿಸಿದ ಎಚ್ಚರಿಕೆಯೊಂದು ಕಾಣಿಸಿಕೊಂಡಿತು. ಇಬ್ಬರು ಚಾಲಕರ ಗಮನವೂ ಕೈಪಿಡಿಯಲ್ಲಿ ಪರಿಹಾರ ಹುಡುಕುವುದರಲ್ಲಿ ಸಿಕ್ಕಿಕೊಂಡಿತು. ಆ ನಿಮಿಷಗಳಲ್ಲಿ ಹೆಲಿಕಾಪ್ಟರ್ ಬಿರುಸಿನ ಮಳೆಮೋಡದೊಳಕ್ಕೆ ಸಾಗಿ, ಕೆಳಮುಖದ ಗಾಳಿಗೆ ಸಿಕ್ಕಿತು. ಎಚ್ಚರಿಕೆಯ ದೀಪ ಹೊತ್ತಿಕೊಂಡಾಗ ಮೊದಲು ಕೆಟ್ಟ ಹವೆಯಿಂದ ಹೊರಗೆ ಬರಬೇಕು, ದೀಪದ ವಿಚಾರ ಆಮೇಲೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ಸುತ್ತಮುತ್ತ ಇಲ್ಲ.

2021ರ ಡಿಸೆಂಬರ್ 8ರಂದು ನೀಲಗಿರಿಯ ಕೂನೂರಿನ ಬಳಿ ಅಂದಿನ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರಿದ್ದ ವಾಯುಪಡೆಯ ಎಂಐ-17ವಿ5 ಹೆಲಿಕಾಪ್ಟರ್ ಪತನವಾಯಿತು. ಒಟ್ಟು 14 ಜೀವ ಹೋದವು. ಕೊನೆಯವರಾದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಒಂದು ವಾರ ಹೋರಾಡಿ ತೀರಿಕೊಂಡರು. ಮೂರೂ ಪಡೆಗಳ ಜಂಟಿ ತನಿಖೆ 2022ರ ಜನವರಿಯಲ್ಲಿ ತಿಳಿಸಿದ್ದು ಇಷ್ಟು: ಕಣಿವೆಯಲ್ಲಿ ಹವೆ ಹಠಾತ್ತನೆ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೋಯಿತು, ಚಾಲಕರಿಗೆ ದಿಕ್ಕು ಮಟ್ಟದ ಅರಿವು ತಪ್ಪಿತು, ಹತೋಟಿಯಲ್ಲಿದ್ದ ಹೆಲಿಕಾಪ್ಟರೇ ನೆಲಕ್ಕೆ ಬಡಿಯಿತು. ದೇಶದ ರಕ್ಷಣಾ ಪಡೆಗಳ ಮುಖ್ಯಸ್ಥರನ್ನು ಕರೆದೊಯ್ಯಲು ಆರಿಸಿದ ನುರಿತ ಚಾಲಕರಿಗೇ ಹೀಗಾಗಬಲ್ಲದಾದರೆ, 60 ತಾಸು ಹಾರಿದ ವಿದ್ಯಾರ್ಥಿಗೆ ಮೋಡದ ಮುಂದೆ ಯಾವ ರಕ್ಷೆಯೂ ಇಲ್ಲ.

ತರಬೇತಿ ವಿಮಾನಗಳದೇ ಪ್ರಕರಣಗಳು ಇನ್ನೂ ಹತ್ತಿರದವು. 2023ರ ಜನವರಿ ಮೊದಲ ವಾರದ ಒಂದು ರಾತ್ರಿ ಮಧ್ಯಪ್ರದೇಶದ ರೀವಾ ಬಳಿ ಉಮರಿ ಗ್ರಾಮದಲ್ಲಿ ದಟ್ಟ ಮಂಜಿನ ನಡುವೆ ತರಬೇತಿ ವಿಮಾನವೊಂದು ಗುಡಿಯ ಗೋಪುರಕ್ಕೆ ಬಡಿದು ಬಿತ್ತು. ಕಲಿಸುತ್ತಿದ್ದವರು ಸತ್ತರು, ಕಲಿಯುತ್ತಿದ್ದವರು ಗಾಯಗೊಂಡರು. ಅದೇ ವರ್ಷದ ಮಾರ್ಚ್ 18ರಂದು ಮಹಾರಾಷ್ಟ್ರದ ಗೊಂದಿಯಾ ಬಳಿಯ ಬಿರ್ಸಿಯಿಂದ ಹೊರಟ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯ ವಿಮಾನ ಬಾಲಾಘಾಟ್ ಜಿಲ್ಲೆಯ ಬೆಟ್ಟಗಾಡಿನಲ್ಲಿ ಬಿದ್ದು, ಇನ್‌ಸ್ಟ್ರಕ್ಟರ್ ಮತ್ತು ವಿದ್ಯಾರ್ಥಿನಿ ಇಬ್ಬರೂ ತೀರಿಕೊಂಡರು. ಕರ್ನಾಟಕದ ಪಾಲಿಗೆ ಆ ವರ್ಷ ಅದೃಷ್ಟ ಕೈ ಹಿಡಿಯಿತು. ಮೇ 30ರಂದು ಸಾಂಬ್ರಾದಿಂದ ಏರಿದ ತರಬೇತಿ ವಿಮಾನ ತಾಂತ್ರಿಕ ದೋಷದಿಂದ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಇಬ್ಬರಿಗೂ ಸಣ್ಣ ಪುಟ್ಟ ಗಾಯ. ಎರಡು ದಿನ ಬಿಟ್ಟು, ಜೂನ್ 1ರಂದು ಚಾಮರಾಜನಗರದ ಭೋಗಾಪುರ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿದ್ದಾಗ ಇಬ್ಬರೂ ಆಸನ ಸಮೇತ ಹೊರಗೆ ಚಿಮ್ಮಿ, ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ನಾಗರಿಕ ಶಾಲೆಗಳ ಸೆಸ್ನಾದಂಥ ವಿಮಾನಗಳಲ್ಲಿ ಹಾಗೆ ಹೊರಗೆ ಚಿಮ್ಮಿಸುವ ಆಸನವಿಲ್ಲ. ಹೊನ್ನಿಹಾಳದಲ್ಲಿ ಜೀವ ಉಳಿಸಿದ್ದು ಬಯಲು ಹೊಲ ಮತ್ತು ನಿಚ್ಚಳ ಬೆಳಕು. ಅದೇ ದೋಷ ಘಟ್ಟದ ಮೇಲೆ, ಮೋಡದ ಕೆಳಗೆ ಕಾಣಿಸಿದ್ದರೆ ಇಳಿಯಲು ನೆಲವೇ ಸಿಗುತ್ತಿರಲಿಲ್ಲ.

ಮೋಡದೊಳಗೆ ಮನುಷ್ಯನ ಮೈಯೇ ಮನುಷ್ಯನಿಗೆ ಸುಳ್ಳು ಹೇಳುತ್ತದೆ. ಕಿವಿಯ ಒಳಭಾಗದಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ. ತಲೆ ತಿರುಗಿದಾಗ ನಾಳ ತಿರುಗುತ್ತದೆ, ದ್ರವ ಹಿಂದುಳಿಯುತ್ತದೆ. ಆ ವ್ಯತ್ಯಾಸವನ್ನು ಮಿದುಳು ತಿರುವು ಎಂದು ಓದುತ್ತದೆ. ಆದರೆ ತಿರುವು ಒಂದೇ ಸಮನೆ ಇಪ್ಪತ್ತು ಸೆಕೆಂಡಿನಷ್ಟು ಮುಂದುವರಿದರೆ ದ್ರವವೂ ನಾಳದ ವೇಗಕ್ಕೆ ಹೊಂದಿಕೊಳ್ಳುತ್ತದೆ. ಆಮೇಲೆ ವಿಮಾನ ಎಷ್ಟೇ ವಾಲಿ ಸುತ್ತುತ್ತಿದ್ದರೂ ನೇರ ಹೋಗುತ್ತಿದೆ ಎಂದೇ ಮೈಗೆ ಅನಿಸುತ್ತದೆ. ಸರಿಪಡಿಸಲು ರೆಕ್ಕೆ ಸಮ ಮಾಡಿದರೆ ಆಚೆ ಬದಿಗೆ ತಿರುಗಿದಂತೆ ಭಾಸವಾಗುತ್ತದೆ, ಗಿರಗಿರ ಸುತ್ತಿ ನಿಂತ ಮಗುವಿಗೆ ಅಂಗಳವೇ ಎದುರು ದಿಕ್ಕಿಗೆ ಸುತ್ತಿದಂತೆ. ಹೊರಗೆ ದಿಗಂತ ಕಂಡರೆ ಕಣ್ಣು ಈ ತಪ್ಪನ್ನು ತಿದ್ದುತ್ತದೆ. ಮೋಡದಲ್ಲಿ ತಿದ್ದುವವರಿಲ್ಲ. ರೆಕ್ಕೆ ವಾಲಿದ ವಿಮಾನದ ಮೂಗು ತಾನಾಗಿ ಇಳಿಯುತ್ತದೆ, ವೇಗ ಏರುತ್ತದೆ. ಎತ್ತರ ಕಳೆದುಕೊಳ್ಳುತ್ತಿರುವುದನ್ನು ಕಂಡ ಚಾಲಕರು ಹಿಡಿಯನ್ನು ಹಿಂದಕ್ಕೆ ಎಳೆಯುತ್ತಾರೆ. ವಾಲಿಕೆ ಹಾಗೇ ಇರುವುದರಿಂದ ಎಳೆದಷ್ಟೂ ಸುರುಳಿ ಬಿಗಿಯಾಗುತ್ತದೆ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಇದನ್ನು ಅಳೆದು ನೋಡಿತು. ಉಪಕರಣ ನೋಡಿ ಹಾರುವ ಅಭ್ಯಾಸವಿಲ್ಲದ 20 ಮಂದಿಯನ್ನು ಕೂರಿಸಿ, ಹೊರಗಿನ ನೋಟ ಮರೆಮಾಡಲಾಯಿತು. ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು. 19 ಮಂದಿ ಸುರುಳಿಗೆ ಬಿದ್ದರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡು, ಮೂರು ನಿಮಿಷಕ್ಕೂ ಕಡಿಮೆ. ಈ ಅಂಕಿ ಜಗತ್ತಿನ ಎಲ್ಲ ಶಾಲೆಗಳಲ್ಲೂ ಹೇಳಿ ಹೇಳಿ ಹಳತಾಗಿದೆ. ಪ್ರಯೋಗದ ಉಳಿದರ್ಧ ಮಾತ್ರ ಅಷ್ಟಾಗಿ ಬಾಯಿಗೆ ಬರುವುದಿಲ್ಲ, ಬರಬೇಕಾದದ್ದು ಅದೇ. ಅದೇ ಜನರಿಗೆ ಕೆಲವೇ ತಾಸು ಒಂದೇ ಒಂದು ವಿದ್ಯೆ ಕಲಿಸಲಾಯಿತು: ಹೊರಗೆ ನೋಡದೆ, ಉಪಕರಣ ನಂಬಿ, ನಿಧಾನವಾಗಿ 180 ಡಿಗ್ರಿ ತಿರುಗಿ ಬಂದ ದಾರಿ ಹಿಡಿಯುವುದು. ಮರುಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲ ಯತ್ನಗಳೂ ಗೆದ್ದವು.

ಬೆಟ್ಟದ ಬಳಿ ಈ ತಿರುವಿಗೆ ಜಾಗ ಬೇಕು, ಅದರ ಲೆಕ್ಕ ಕಾಗದದ ಮೇಲೆ ಮುಗಿಯುವಂಥದು. 100 ನಾಟ್, ಅಂದರೆ ಗಂಟೆಗೆ ಸುಮಾರು 185 ಕಿಲೋಮೀಟರ್ ವೇಗದ ತರಬೇತಿ ವಿಮಾನ ಒಂದು ನಿಮಿಷಕ್ಕೆ ಮೂರು ಕಿಲೋಮೀಟರ್ ಸಾಗುತ್ತದೆ. ಕಣ್ಣಿನ ನೋಟವನ್ನೇ ನೆಚ್ಚಿ ಹಾರುವವರಿಗೆ 10,000 ಅಡಿಯ ಕೆಳಗೆ ನಿಯಮ ಕೇಳುವ ಗೋಚರತೆ 5 ಕಿಲೋಮೀಟರ್. ಮೋಡದಿಂದ ಪಕ್ಕಕ್ಕೆ 1,500 ಮೀಟರ್, ಮೇಲೆ ಕೆಳಗೆ 1,000 ಅಡಿ ದೂರವಿರಬೇಕು. 5 ಕಿಲೋಮೀಟರ್ ಎಂದರೆ ಒಂದೂವರೆ ನಿಮಿಷಕ್ಕೆ ತುಸು ಹೆಚ್ಚು ಹೊತ್ತು. ನೋಟ 1,500 ಮೀಟರಿಗೆ ಕುಗ್ಗಿದರೆ ಉಳಿಯುವುದು ಅರ್ಧ ನಿಮಿಷ. ರೆಕ್ಕೆಯನ್ನು 30 ಡಿಗ್ರಿ ವಾಲಿಸಿ ಹಿಂದಿರುಗಲು ಅದೇ ಅರ್ಧ ನಿಮಿಷ ಬೇಕು, ಸುಮಾರು ಒಂದು ಕಿಲೋಮೀಟರ್ ಅಗಲದ ಬಯಲೂ ಬೇಕು. ಉಪಕರಣ ನೋಡಿ ಮಾಡುವ ನಿಧಾನದ ತಿರುವಿಗೆ ಒಂದು ನಿಮಿಷ, ಅಗಲ ಎರಡು ಕಿಲೋಮೀಟರ್. ಕಣಿವೆಯ ನಡುವೆ ಹಾರುವವರಿಗೆ ಎರಡೂ ಕಡೆ ಅರ್ಧರ್ಧವೇ ಸಿಗುತ್ತದೆ. ಆದ್ದರಿಂದಲೇ ಒಂದು ಬದಿಯ ಇಳಿಜಾರಿಗೆ ಸರಿದು ಹಾರಬೇಕು, ತಿರುಗುವಾಗ ಇಡೀ ಕಣಿವೆ ಸಿಗುವಂತೆ.

ತಿರುಗುವ ಬದಲು ಮೇಲೇರಿ ದಾಟಬಹುದೆಂಬ ಆಸೆಯೂ ಲೆಕ್ಕಕ್ಕೆ ನಿಲ್ಲುವುದಿಲ್ಲ. 75 ನಾಟ್ ವೇಗದಲ್ಲಿ ನಿಮಿಷಕ್ಕೆ 500 ಅಡಿ ಏರುವ ವಿಮಾನ ಒಂದು ಕಿಲೋಮೀಟರಿಗೆ 65 ಮೀಟರಿನಷ್ಟು ಏರುತ್ತದೆ. ಕಿಲೋಮೀಟರಿಗೆ 100 ಮೀಟರ್ ಏರುವ ಗುಡ್ಡ ನಮ್ಮ ಘಟ್ಟಗಳಲ್ಲಿ ಅಪರೂಪವಲ್ಲ. ಬೇಸಿಗೆಯಲ್ಲಿ 500 ಅಡಿಯೂ ಕಷ್ಟ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ವಿಜಯಪುರ ಸೀಮೆಯಲ್ಲಿ 40 ಡಿಗ್ರಿ ಬಿಸಿಲಿದ್ದಾಗ ಗಾಳಿ ತೆಳುವಾಗಿ, ಎಂಜಿನ್ನೂ ರೆಕ್ಕೆಯೂ 1,600 ಮೀಟರ್ ಎತ್ತರದಲ್ಲಿ ಇದ್ದಂತೆ ದುಡಿಯುತ್ತವೆ. ಮುಂಗಾರಿನಲ್ಲಿ ತೊಂದರೆ ಬೇರೆ. ಅರಬ್ಬಿ ಸಮುದ್ರದ ತೇವದ ಗಾಳಿ ಸಹ್ಯಾದ್ರಿಗೆ ಬಡಿದು ಮೇಲಕ್ಕೆದ್ದು, ತಣಿದು, ಶಿಖರದ ಮೇಲೆಯೇ ಮೋಡವಾಗಿ ಕೂರುತ್ತದೆ. ಬೆಟ್ಟದ ಆಚೆ ಬದಿಯಲ್ಲಿ ಗಾಳಿ ಕೆಳಮುಖವಾಗಿ ಸುರಿದು ಹಗುರ ವಿಮಾನವನ್ನು ಕೆಳಕ್ಕೆ ಒತ್ತುತ್ತದೆ. ನಿಲ್ದಾಣದ ಹವಾ ವರದಿ ನಿಲ್ದಾಣದ್ದು ಮಾತ್ರ. ಹೊರಟಲ್ಲಿಯೂ ಸೇರುವಲ್ಲಿಯೂ ಬಿಸಿಲಿದ್ದು ನಡುವಿನ ಬೆಟ್ಟ ಮುಚ್ಚಿಕೊಂಡಿರಬಹುದು.

ಇಷ್ಟೆಲ್ಲ ಪುಸ್ತಕದಲ್ಲಿದೆ, ಪರೀಕ್ಷೆಯಲ್ಲಿ ಕೇಳುತ್ತಾರೆ, ವಿದ್ಯಾರ್ಥಿಗಳು ಬರೆದು ಪಾಸಾಗುತ್ತಾರೆ. ಆದರೂ ಜನ ಮೋಡದೊಳಗೆ ಹೋಗುತ್ತಾರೆ. 2020ರ ಜನವರಿ 26ರಂದು ಕ್ಯಾಲಿಫೋರ್ನಿಯಾದ ಕ್ಯಾಲಬಾಸಸ್ ಗುಡ್ಡಗಳಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಾಂಟ್ ಸೇರಿ 9 ಮಂದಿ ಸತ್ತ ಹೆಲಿಕಾಪ್ಟರ್ ಅಪಘಾತದ ತನಿಖೆಯಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಇದರ ಕಾರಣವನ್ನು ಹೆಸರಿಸಿತು. ಚಾಲಕರು ಕಣ್ಣಿನ ನೋಟದ ಹಾರಾಟವನ್ನು ಮೋಡದೊಳಗೂ ಮುಂದುವರಿಸಿ ದಿಕ್ಕುಗೆಟ್ಟರು. ಅದಕ್ಕೆ ಒತ್ತಾಸೆಯಾದದ್ದು ಅವರು ತಮ್ಮ ಮೇಲೆ ತಾವೇ ಹೇರಿಕೊಂಡ ಒತ್ತಡ ಮತ್ತು ಹಿಡಿದ ಯೋಜನೆಯನ್ನು ಬಿಡಲಾರದ ಮನಃಸ್ಥಿತಿ. ತರಬೇತಿ ಶಾಲೆಗಳಲ್ಲಿ ಅಂಥ ಒತ್ತಡಕ್ಕೆ ಹೆಸರು ಹಣ ಮತ್ತು ತಾಸು.

ವಾಣಿಜ್ಯ ಪೈಲಟ್ ಲೈಸೆನ್ಸಿಗೆ 200 ತಾಸು ಹಾರಿರಬೇಕು. ಅದರಲ್ಲಿ ಉಪಕರಣ ನೋಡಿ ಹಾರಿದ್ದು 40 ತಾಸು, ಅದರಲ್ಲೂ 20ರವರೆಗೆ ಸಿಮ್ಯುಲೇಟರಿನಲ್ಲಿ ನಡೆಯುತ್ತದೆ. ಒಟ್ಟು ಖರ್ಚು ಅರ್ಧ ಕೋಟಿಯ ಆಸುಪಾಸು. ಎರೆ ಹೊಲ ಮಾರಿ, ನಿಂಬೆ ತೋಟ ಅಡವಿಟ್ಟು, ಬ್ಯಾಂಕಿನ ಸಾಲ ಎತ್ತಿ ಕಳಿಸುವ ಮನೆಗಳಿವೆ. ಮಳೆಗಾಲದಲ್ಲಿ ವಾರಗಟ್ಟಲೆ ವಿಮಾನ ಹ್ಯಾಂಗರಿನಲ್ಲೇ ನಿಂತಾಗ ಹಾಸ್ಟೆಲಿನ ಖರ್ಚು ನಿಲ್ಲುವುದಿಲ್ಲ, ಸಾಲದ ಕಂತು ನಿಲ್ಲುವುದಿಲ್ಲ. ಸಂಜೆ ಮನೆಯಿಂದ ಫೋನು ಬರುತ್ತದೆ: "ಎಷ್ಟ ತಾಸ ಆತು? ನಿನ್ನ ಜೋಡಿ ಹೋದಾಕೀದು ಮುಗೀತಂತಲ್ಲ?" ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಕೇಳಿಸಿಕೊಂಡ ಹುಡುಗಿ ಮಾರನೆಯ ಬೆಳಿಗ್ಗೆ, ಎದುರಿನ ಗುಡ್ಡದ ನೆತ್ತಿ ಮೋಡದಲ್ಲಿ ಮುಚ್ಚಿರುವಾಗ, ಇನ್ನೆರಡು ಕಿಲೋಮೀಟರ್ ಮುಂದೆ ಹೋಗಿ ನೋಡೋಣ ಎಂದುಕೊಳ್ಳುತ್ತಾಳೆ. ಅರ್ಧ ದಾರಿಯಿಂದ ಮರಳಿದ ಹಾರಾಟಕ್ಕೂ ತಾಸಿನ ಲೆಕ್ಕದಲ್ಲಿ ದುಡ್ಡು ಕೊಟ್ಟಾಗಿದೆ. ಆ ದೂರ ಇನ್ನೊಮ್ಮೆ ಹಾರಬೇಕಾದರೆ ಇನ್ನೊಮ್ಮೆ ದುಡ್ಡು. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದ ಮಾತ್ರಕ್ಕೆ ಈ ಒತ್ತಡ ಕಳಚುವುದಿಲ್ಲ. ತಾವು ಬೇಡ ಅಂದರೆ ಅಂಜುಬುರುಕರು ಅಂದಾರು ಎಂದು ವಿದ್ಯಾರ್ಥಿ ಸುಮ್ಮನಿರುತ್ತಾರೆ, ವಿದ್ಯಾರ್ಥಿ ಸುಮ್ಮನಿರುವುದರಿಂದ ಎಲ್ಲ ಸರಿಯಿದೆ ಎಂದು ಗುರು ಮುಂದುವರಿಯುತ್ತಾರೆ.

ಆದ್ದರಿಂದ ಶುಲ್ಕ ಕಟ್ಟುವ ಮುಂಚೆ ಪಾಲಕರು ಶಾಲೆಗೆ ಕೇಳಬೇಕಾದದ್ದು ವಿಮಾನಗಳ ಸಂಖ್ಯೆಯನ್ನಷ್ಟೇ ಅಲ್ಲ. ಹವೆ ಕೆಟ್ಟು ಮರಳಿ ಬಂದ ಹಾರಾಟದ ಖರ್ಚು ಯಾರದು? ಹಾರಾಟ ಬೇಡ ಅಂದ ವಿದ್ಯಾರ್ಥಿಯ ಮಾತನ್ನು ಯಾರಾದರೂ ತಳ್ಳಿಹಾಕಬಹುದೇ? ಕ್ರಾಸ್ ಕಂಟ್ರಿ ಹಾರಾಟದ ದಾರಿಯಲ್ಲಿ ಬರುವ ಅತಿ ಎತ್ತರದ ಗುಡ್ಡ ಯಾವುದು, ಅದರ ಮೇಲೆ ಎಷ್ಟು ಅಡಿ ಬಿಟ್ಟು ಹಾರಬೇಕೆಂದು ಬರೆದಿಟ್ಟಿದ್ದಾರೆಯೇ? ಸೋಲೊ, ಅಂದರೆ ಒಬ್ಬರೇ ಹಾರಲು, ಹೋಗುವ ಮುಂಚೆಯೇ ಹೊರಗಿನ ನೋಟ ಮರೆಮಾಡುವ ಹುಡ್ ತೊಡಿಸಿ 180 ಡಿಗ್ರಿ ತಿರುವು ಮಾಡಿಸುತ್ತಾರೆಯೇ? ಒಳ್ಳೆಯ ಶಾಲೆಗೆ ಈ ಪ್ರಶ್ನೆಗಳು ಕಿರಿಕಿರಿ ಆಗುವುದಿಲ್ಲ. ಮನೆಯ ಕಡೆಯಿಂದ ಇಷ್ಟು ಸಾಕು: ಖರ್ಚಿನ ಅಂದಾಜಿಗೆ ಮೊದಲೇ ಒಂದು ಮಳೆಗಾಲವನ್ನು ಸೇರಿಸಿಕೊಳ್ಳುವುದು, ತಾಸಿನ ಲೆಕ್ಕವನ್ನು ಫೋನಿನಲ್ಲಿ ಕೇಳದಿರುವುದು, ಮರಳಿ ಬಂದ ದಿನದ ಸುದ್ದಿಯನ್ನು ಒಳ್ಳೆಯ ಸುದ್ದಿಯೆಂದೇ ಕೇಳಿಸಿಕೊಳ್ಳುವುದು.

ವಿಮಾನ ಬಿದ್ದ ಮೇಲಿನ ಕೆಲಸ ಊರವರದು. 2021ರ ಜುಲೈ 16ರಂದು ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಚೋಪಡಾ ತಾಲ್ಲೂಕಿನಲ್ಲಿ, ಸಾತ್ಪುರ ಬೆಟ್ಟದ ಕಾಡಿನಲ್ಲಿ ತರಬೇತಿ ವಿಮಾನ ಬಿದ್ದು ಇನ್‌ಸ್ಟ್ರಕ್ಟರ್ ಸತ್ತರು, ವಿದ್ಯಾರ್ಥಿನಿ ತೀವ್ರವಾಗಿ ಗಾಯಗೊಂಡರು. ಮೊದಲು ಓಡಿ ಬಂದವರು ಆ ಕಾಡಿನ ಆದಿವಾಸಿಗಳು. ಅಲ್ಲಿಗೆ ಗಾಡಿ ಹೋಗುವ ದಾರಿಯಿರಲಿಲ್ಲ, ಸ್ಟ್ರೆಚರ್ ಇರಲಿಲ್ಲ. ಹೆಂಗಸೊಬ್ಬಳು ಉಟ್ಟ ಸೀರೆಯನ್ನೇ ಬಿಚ್ಚಿ ಕೊಟ್ಟಳು. ಅದನ್ನು ಜೋಳಿಗೆಯಂತೆ ಕಟ್ಟಿ, ಹುಡುಗಿಯನ್ನು ಮಲಗಿಸಿ, ಹೊತ್ತು ಕೆಳಗೆ ಇಳಿಸಿದರು. ಹುಡುಗಿ ಬದುಕಿದಳು.

ವಿಮಾನದಲ್ಲಿ ಪೆಟ್ಟು ಬಿದ್ದೊಡನೆ ತಾನೇ ಶುರುವಾಗುವ 406 ಮೆಗಾಹರ್ಟ್ಜ್ ಸಂಕೇತಯಂತ್ರ ಇರುತ್ತದೆ. ಅದರ ಕರೆ ಉಪಗ್ರಹದ ಮೂಲಕ ಬೆಂಗಳೂರಿನಲ್ಲಿ ಇಸ್ರೊದ ಇಸ್ಟ್ರಾಕ್‌ನಲ್ಲಿರುವ ಭಾರತೀಯ ಮಿಷನ್ ನಿಯಂತ್ರಣ ಕೇಂದ್ರ ತಲುಪಿ, ಅಲ್ಲಿಂದ ರಕ್ಷಣಾ ತಂಡಗಳಿಗೆ ಹೋಗುತ್ತದೆ. ಆದರೆ ಅಪ್ಪಳಿಸಿದಾಗ ಆಂಟೆನಾ ಮುರಿದರೆ, ಬೆಂಕಿ ಹತ್ತಿದರೆ ಕರೆ ಹೊರಡುವುದಿಲ್ಲ. ಆಗ ಕಂಡವರು 112ಕ್ಕೆ ಮಾಡುವ ಫೋನೇ ಆಧಾರ. ಸೆಸ್ನಾದಂಥ ವಿಮಾನದ ರೆಕ್ಕೆಯಲ್ಲಿರುವುದು ಪೆಟ್ರೋಲಿನಂತೆ ಥಟ್ಟನೆ ಹೊತ್ತಿಕೊಳ್ಳುವ ನೀಲಿ ಬಣ್ಣದ ಇಂಧನ. ಬೀಡಿ ಕಡ್ಡಿ ಹತ್ತಿರ ತರಬಾರದು, ಎಂಜಿನ್ನಿನ ಮುಂದಿನ ಪಂಖದ ಹತ್ತಿರ ನಿಲ್ಲಬಾರದು. ಒಳಗಿರುವವರನ್ನು ಹೊರಗೆ ತರಲು ಏನು ಬೇಕಾದರೂ ಕತ್ತರಿಸಬಹುದು, ಸರಿಸಬಹುದು. ಅದರಾಚೆಗೆ ಒಂದು ತಗಡಿನ ಚೂರನ್ನೂ ಅಲುಗಿಸಬಾರದು, ನೆನಪಿಗೆಂದು ಮನೆಗೆ ಒಯ್ಯಬಾರದು. 2012ರಿಂದ ದೇಶದಲ್ಲಿ ವಿಮಾನ ಅಪಘಾತ ತನಿಖೆಗೆ ಪ್ರತ್ಯೇಕ ಬ್ಯೂರೊ ಇದೆ. ಅದರ ತನಿಖೆ ಶಿಕ್ಷೆ ಕೊಡಿಸಲು ಅಲ್ಲ, ಕಾರಣ ಹುಡುಕಲು. ತುಂಡುಗಳು ಬಿದ್ದ ಅಂತರ ಮತ್ತು ದಿಕ್ಕೇ ಅದಕ್ಕೆ ಮೊದಲ ಸಾಕ್ಷ್ಯ.

ಸಣ್ಣ ವಿಮಾನಗಳು ಹಲವು ಸಲ ಕಪ್ಪುಪೆಟ್ಟಿಗೆ ಇಲ್ಲದೆಯೇ ಹಾರುತ್ತವೆ. ಹಾಗಾಗಿ ಹೊಲದಲ್ಲಿ, ಅಡವಿಯಲ್ಲಿ ಇದ್ದವರ ಮಾತಿಗೆ ತನಿಖೆಯಲ್ಲಿ ತೂಕವಿದೆ: ಎಂಜಿನ್ನಿನ ಸಪ್ಪಳ ಒಂದೇ ಸಮ ಇತ್ತೇ, ಕಡಿದು ಕಡಿದು ಬರುತ್ತಿತ್ತೇ, ವಿಮಾನ ಯಾವ ಕಡೆಯಿಂದ ಬಂತು, ತಿರುಗುತ್ತಿತ್ತೇ, ಆ ಹೊತ್ತಿಗೆ ಗುಡ್ಡದ ನೆತ್ತಿ ಕಾಣುತ್ತಿತ್ತೇ. ಮೊಬೈಲಿನಲ್ಲಿ ತೆಗೆದ ಮೊದಲ ಚಿತ್ರಗಳಲ್ಲಿ ಮೋಡದ ಎತ್ತರವೂ ವೇಳೆಯೂ ದಾಖಲಾಗಿರುತ್ತವೆ. ಅವನ್ನು ಎಲ್ಲೆಡೆ ಹಂಚುವ ಮುಂಚೆ ಅಳಿಸದೆ ತೆಗೆದಿಟ್ಟು, ತನಿಖೆಯವರು ಬಂದಾಗ ಒಪ್ಪಿಸಬೇಕು.